‘ಸ್ತ್ರೀ’ ಎಂದು ಟೈಪಿಸಿ ನೋಡಿ

ದೇರೆಬೈಲಿನ ಬ್ಲೂಬೆರಿ ಹಿಲ್ಸ್‌ನಲ್ಲಿ ಟೆಕ್ ಪಾರ್ಕ್ ಬರುತ್ತದೆ ಎಂಬುದು ಮಂಗಳೂರಿಗರಿಗೆ ಹೊಸ ಸುದ್ದಿಯಲ್ಲ. ಕಿಯೋನಿಕ್ಸ್‌ನ ಜಾಗ, ಖಾಸಗಿಯವರ ಹಣ, ಎಷ್ಟು ಜನಕ್ಕೆ ಕೆಲಸ ಎಂಬ ಲೆಕ್ಕ, ಮಾತೆಲ್ಲ ಇವುಗಳ ಸುತ್ತಲೇ. ಅಲ್ಲಿ ಬಂದು ಕೂರುವ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಏನು ಕಲಿತಿರುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ವಾಮಂಜೂರು, ಅಡ್ಯಾರ್, ಬೆಂಜನಪದವು ಕಡೆಯ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಲ್ಲಿ ಹಲವರಿಗೆ ಗ್ರಾಫಿಕ್ಸ್ ಲ್ಯಾಬ್ ನೆನಪಿರಬೇಕು. ವಿಟಿಯು ಪಠ್ಯಕ್ರಮದಲ್ಲಿ ವರ್ಷಗಟ್ಟಲೆ ಇದ್ದ ಲ್ಯಾಬ್ ಅದು. ತ್ರಿಕೋನದೊಳಗೆ ತ್ರಿಕೋನ ಬಿಡಿಸುವ ಸಿಯರ್ಪಿನ್ಸ್ಕಿ ಗ್ಯಾಸ್ಕೆಟ್, ಮೌಸ್ ಒತ್ತಿದರೆ ತಿರುಗುವ ಬಣ್ಣದ ಕ್ಯೂಬ್, ಕೊನೆಗೊಂದು ಮಿನಿ ಪ್ರಾಜೆಕ್ಟ್. ರಾಜ್ಯದ ಎಷ್ಟೋ ಎಂಜಿನಿಯರುಗಳು ತಮ್ಮ ಕೈಯಾರೆ ಒಂದು ವಿಂಡೋ ತೆರೆದದ್ದು, ಅದಕ್ಕೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿದ್ದು ಮೊದಲು ಅಲ್ಲೇ, ಗ್ಲಟ್ ಎಂಬ ಸಲಕರಣೆಯಿಂದ. ಪ್ರೋಗ್ರಾಮಿನ ಕೊನೆಯ ಸಾಲು ‘ಗ್ಲಟ್ ಮೇನ್ ಲೂಪ್’. ಅದರೊಳಗೆ ಹೊಕ್ಕ ಪ್ರೋಗ್ರಾಂ ಹಿಂದಿರುಗುವುದಿಲ್ಲ. ಕೀ ಒತ್ತಿದರೇ, ಮೌಸ್ ಅಲುಗಿತೇ ಎಂದು ಕಾಯುತ್ತ ಕೂರುತ್ತದೆ. ಬಂದ ಸಂದೇಶಗಳನ್ನು ಒಂದೊಂದಾಗಿ ತೆಗೆದು ಆಯಾ ಫಂಕ್ಷನ್ನಿಗೆ ಒಪ್ಪಿಸುತ್ತದೆ. ವೈವಾದಲ್ಲಿ ಕೇಳಲು ಹೇಳಿ ಮಾಡಿಸಿದ ಪ್ರಶ್ನೆ.

ಗ್ಲಟ್ ಬರೆದವರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಮಾರ್ಕ್ ಕಿಲ್ಗಾರ್ಡ್, 1990ರ ದಶಕದಲ್ಲಿ. ಓಪನ್‌ಜಿಎಲ್ ಕಲಿಯುವವರಿಗೆ ಸಣ್ಣ ಉದಾಹರಣೆಗಳನ್ನು ಓಡಿಸಲು ಅದು ಸಾಕಿತ್ತು. ಅದರ ಕೀಬೋರ್ಡ್ ಫಂಕ್ಷನ್ನಿಗೆ ಸಿಗುವುದು ಎಂಟು ಬಿಟ್‌ಗಳ ಒಂದು ಸಂಖ್ಯೆ, ಅಂದರೆ ಹೆಚ್ಚೆಂದರೆ 256 ಬೆಲೆಗಳು. ಯುನಿಕೋಡಿನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಕನ್ನಡದ ಒಂದೇ ಒಂದು ಅಕ್ಷರವೂ ಆ ಬಾಗಿಲಲ್ಲಿ ನುಗ್ಗದು. ‘ಕೀ ಒಂದು, ಅಕ್ಷರ ಒಂದು, ಎರಡೂ ಒಂದೇ’ ಎಂಬ ನಂಬಿಕೆ ಲ್ಯಾಬಿನಲ್ಲೇ ಬೇರೂರುತ್ತದೆ. ತಪ್ಪು ವಿದ್ಯಾರ್ಥಿಗಳದ್ದಲ್ಲ, ಪಾಠವನ್ನು ಅಲ್ಲಿಗೇ ನಿಲ್ಲಿಸಿದವರದ್ದು.

ಈ ನಂಬಿಕೆ ಸುಳ್ಳೆಂದು ತೋರಿಸಲು ದೂರ ಹೋಗಬೇಕಿಲ್ಲ. ಗುರುಪುರ ಕೈಕಂಬದ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ‘ನುಡಿ’ ಬಳಸುವ ಗುಮಾಸ್ತರ, ಡಿಟಿಪಿ ಅಂಗಡಿಯವರ ಬೆರಳತುದಿಯಲ್ಲಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುದ್ರಣ ತಂತ್ರಜ್ಞಾನದ ಮೋನೋಟೈಪ್ ಕಂಪನಿಯಲ್ಲೂ ದುಡಿದ ರಾವ್ ಕನ್ನಡದ ಇಡೀ ವರ್ಣಮಾಲೆಯನ್ನು ಇಂಗ್ಲಿಷಿನ 26 ಕೀಗಳಲ್ಲೇ ಅಡಕಮಾಡಿದರು. ಒತ್ತಕ್ಷರಗಳಿಗೆ ಬೇರೆ ಕೀ ಇಲ್ಲ. ಎಫ್ ಒತ್ತಿದರೆ ಹಿಂದಿನ ಅಕ್ಷರ ಅರ್ಧವಾಗುತ್ತದೆ, ಮುಂದಿನದು ಅದರ ಕೆಳಗೆ ಕೂರುತ್ತದೆ. ‘ಸ್ತ್ರೀ’ ಬರೆಯಲು ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡಿದು ಐ. ಯುನಿಕೋಡಿನಲ್ಲಿ ಬರೆದರೆ ಕಂಪ್ಯೂಟರಿನ ನೆನಪಿನಲ್ಲಿ ಉಳಿಯುವುದೂ ಆರು ಸಂಕೇತಗಳೇ. ಓದುವವರ ಕಣ್ಣಿಗೆ ಮಾತ್ರ ಒಂದೇ ಅಕ್ಷರ.

ಈಗ ಬಾಣದ ಕೀ ಒತ್ತಿ. ಕರ್ಸರ್ ‘ಸ್ತ್ರೀ’ಯನ್ನು ಒಂದೇ ನೆಗೆತಕ್ಕೆ ದಾಟಬೇಕೋ, ನಡುವೆ ನಿಲ್ಲಬೇಕೋ? ದಾಟಬೇಕು ಎಂದು ಯಾವ ಕನ್ನಡಿಗರೂ ಹೇಳಿಯಾರು. ಬ್ಯಾಕ್‌ಸ್ಪೇಸ್ ಮಾತ್ರ ಹಾಗೆ ನಡೆದುಕೊಳ್ಳಬಾರದು. ದೀರ್ಘ ತಪ್ಪಿದರೆ ದೀರ್ಘವಷ್ಟೇ ಅಳಿಯಬೇಕು. ಆರು ಕೀಗಳ ಶ್ರಮವೆಲ್ಲ ಒಂದೇ ಏಟಿಗೆ ಹೋಗಬಾರದು. ಇಷ್ಟು ಸಣ್ಣ ವಿಷಯ ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಥರ ಇದೆ.

ಕಾರಣ ಹುಡುಕುತ್ತ ಹೋದರೆ ಸೋಜಿಗದ ಸಂಗತಿಯೊಂದು ಸಿಗುತ್ತದೆ. ಓದುಗರ ಕಣ್ಣಿಗೆ ‘ಒಂದು ಅಕ್ಷರ’ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಯುನಿಕೋಡ್ ಒಂದು ಸಾಮಾನ್ಯ ನಿಯಮ ಕೊಟ್ಟಿದೆ. 2023ರ 15.1ನೇ ಆವೃತ್ತಿಯಲ್ಲಿ ಅದಕ್ಕೆ ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಡೆಯದೆ ಇಡುವ ಹೊಸ ನಿಯಮ ಸೇರಿತು. ಆಗ ಅದರೊಳಗೆ ಬಂದವು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇರಲಿಲ್ಲ. ತೆಲುಗಿನಲ್ಲಿ ಬರೆದ ‘ಸ್ತ್ರೀ’ ಆ ನಿಯಮದ ಪ್ರಕಾರ ಒಂದು ಘಟಕ, ಕನ್ನಡದಲ್ಲಿ ಬರೆದದ್ದು ಮೂರು. ಇದು ಕಡ್ಡಾಯವಲ್ಲ, ಆಯಾ ಸಾಫ್ಟ್‌ವೇರ್ ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಆದರೆ ತಿದ್ದಬೇಕೆಂದು ತಿಳಿಯಬೇಕಾದರೆ ಯಾರಾದರೂ ಕನ್ನಡದಲ್ಲಿ ಟೈಪಿಸಿ ನೋಡಿರಬೇಕಲ್ಲ!

ವಿಂಡೋಗಳ ವಿಚಾರದಲ್ಲಿ ಇಂಥ ಪೆಟ್ಟು ಎಲ್ಲ ಭಾಷೆಯವರಿಗೂ ಬಿದ್ದಿದೆ, ಹಾಗಾಗಿ ಮದ್ದೂ ಬೇಗ ಸಿಕ್ಕಿತು. ವಿಂಡೋಸ್ 3.1ರಲ್ಲಿ ಎಲ್ಲ ಪ್ರೋಗ್ರಾಂಗಳಿಗೂ ಸೇರಿ ಕೀ–ಮೌಸ್ ಸಂದೇಶಗಳ ಸಾಲು ಒಂದೇ. ಒಂದು ಪ್ರೋಗ್ರಾಂ ಕೈಕೊಟ್ಟರೆ ಉಳಿದವೂ ನಿಂತವು. ವಿಂಡೋಸ್ 95 ಬಂದಾಗ 32 ಬಿಟ್ ಪ್ರೋಗ್ರಾಂಗಳಿಗೆ ಬೇರೆ ಬೇರೆ ಸಾಲು ಸಿಕ್ಕಿತು. ಟೈಪಿಸುತ್ತಿರುವಾಗ ಇನ್ಯಾವುದೋ ವಿಂಡೋ ಮುಂದೆ ನುಗ್ಗಿ, ಒತ್ತಿದ ಎಂಟರ್ ಅದರ ‘ಓಕೆ’ಗೆ ಬೀಳುವ ಕಾಟಕ್ಕೆ ವಿಂಡೋಸ್ 98ರಿಂದ ಕಡಿವಾಣ ಬಿತ್ತು, ಹಿಂದಿರುವ ಪ್ರೋಗ್ರಾಂ ಮುಂದೆ ಬರುವ ಬದಲು ಟಾಸ್ಕ್‌ಬಾರಿನಲ್ಲಿ ಮಿನುಗುತ್ತದೆ. ಐದು ಸೆಕೆಂಡು ಸಂದೇಶಗಳತ್ತ ತಿರುಗಿ ನೋಡದ ವಿಂಡೋಗೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಪಟ್ಟ. ಅಮೆರಿಕದ ಬಳಕೆದಾರರಿಗೂ ನೋವಾಗುವ ಕಡೆ ದುರಸ್ತಿ ತಾನಾಗಿ ನಡೆಯುತ್ತದೆ.

ಕೀ ಬೇರೆ, ಪಠ್ಯ ಬೇರೆ ಎಂಬ ಅರಿವೂ ಸಲಕರಣೆಗಳಲ್ಲಿ ಎಂದೋ ಬಂದಿದೆ. ಗ್ಲಟ್‌ನ ನಂತರದ ಜಿಎಲ್‌ಎಫ್‌ಡಬ್ಲ್ಯು, ಆಟಗಳ ಲೋಕದ ಎಸ್‌ಡಿಎಲ್ 2 ಎರಡರಲ್ಲೂ ಕೀ ಒತ್ತಿದ ಸುದ್ದಿಗೆ ಒಂದು ದಾರಿ, ಮೂಡಿದ ಅಕ್ಷರಕ್ಕೆ ಇನ್ನೊಂದು. ಆಟದ ಬೊಂಬೆಯನ್ನು ಓಡಿಸಲು ಮೊದಲನೆಯದು, ಹೆಸರು ಬರೆಸಿಕೊಳ್ಳಲು ಎರಡನೆಯದು. ಫೋನಿನಲ್ಲಂತೂ ಈ ಭೇದ ಮರೆತರೆ ಕೆಲಸವೇ ಕೆಡುತ್ತದೆ. ಆಂಡ್ರಾಯ್ಡಿನ ಕ್ರೋಮ್‌ನಲ್ಲಿ ಗೂಗಲ್ ಕೀಬೋರ್ಡಿನಿಂದ ಬರೆಯುವಾಗ ಪುಟಕ್ಕೆ ತಲುಪುವ ಕೀ ಸಂಖ್ಯೆ ಸಾಮಾನ್ಯವಾಗಿ 229: ‘ಕೀ ಯಾವುದೆಂದು ಕೇಳಬೇಡಿ, ಅಕ್ಷರ ಆಮೇಲೆ ಕೊಡುತ್ತೇನೆ’ ಎಂದು ಅದರರ್ಥ. ಕೀ ಸಂಖ್ಯೆ ನೋಡಿ ‘ಅಕ್ಷರ ಮಾತ್ರ, ಅಂಕಿ ಬೇಡ’ ಎಂದು ಸೋಸುವ ಅರ್ಜಿ ಫಾರಂಗಳು ಇಲ್ಲೇ ಎಡವುವುದು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಹೆಸರು ಒತ್ತಿ ನೋಡಿದವರಿಗೆ ಎಲ್ಲವೂ ಸರಿಯೇ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ರಾಜ್ಯ ಸರ್ಕಾರ ಸಾಫ್ಟ್‌ವೇರ್ ಕೊಳ್ಳುವ ಟೆಂಡರಿನಲ್ಲಿ ಒಂದು ಕಲಮು ಸೇರಿಸಲಿ: ನುಡಿ ವಿನ್ಯಾಸದಲ್ಲಿ, ವಿಂಡೋಸಿನ ಕನ್ನಡ ಫೊನೆಟಿಕ್ ಕೀಬೋರ್ಡಿನಲ್ಲಿ, ಫೋನಿನಲ್ಲಿ, ಹೀಗೆ ಮೂರೂ ಕಡೆ ಟೈಪಿಸಿ, ಕರ್ಸರ್ ಓಡಿಸಿ, ಅಳಿಸಿ, ಹುಡುಕಿ ತೋರಿಸಿದ ಮೇಲೆಯೇ ಬಿಲ್ ಪಾಸು. ಹೆಸರಿಗೆ ಹತ್ತೇ ಅಕ್ಷರ ಎಂದು ಮಿತಿ ಹಾಕುವವರು ಎಣಿಸಿದ್ದು ಏನನ್ನು ಎಂದು ಬರೆದುಕೊಡಲಿ. ವಿಶ್ವವಿದ್ಯಾಲಯದ ಲ್ಯಾಬ್ ಪಟ್ಟಿಗೂ ಒಂದು ಪ್ರೋಗ್ರಾಂ ಬೇಕು: ವಿಂಡೋ ತೆರೆದು ಕನ್ನಡದ ಒಂದು ಸಾಲನ್ನು ಸರಿಯಾಗಿ ಬರೆಸಿಕೊಳ್ಳುವುದು. ಗ್ಯಾಸ್ಕೆಟ್‌ಗಿಂತ ಅದು ಕಷ್ಟದ್ದು ಎಂದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ದೇರೆಬೈಲಿನ ಬೀದಿಯ ಮಾತು ತುಳು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು–ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ, 65,536ರ ಆಚೆಗೆ. ಹದಿನಾರು ಬಿಟ್‌ಗಳಲ್ಲಿ ಹಿಡಿಯದ ಸಂಖ್ಯೆ ಅದಾದ್ದರಿಂದ ವಿಂಡೋಸ್ ಆ ಲಿಪಿಯ ಒಂದೊಂದು ಅಕ್ಷರವನ್ನೂ ಎರಡು ಸಂದೇಶಗಳಾಗಿ ಒಡೆದು ಪ್ರೋಗ್ರಾಮಿಗೆ ಕಳಿಸುತ್ತದೆ. ಒಂದು ಸಂದೇಶಕ್ಕೆ ಒಂದು ಅಕ್ಷರ ಎಂದುಕೊಂಡು ಬರೆದ ಪ್ರೋಗ್ರಾಮಿನಲ್ಲಿ ಅದು ಎರಡು ಖಾಲಿ ಚೌಕಗಳಾಗಿ ಕಂಡೀತು.