ಮರುಭೂಮಿಯಲ್ಲಿ ಗಾಲಿಯ ಗುರುತು

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ಭಾಗದಲ್ಲಿ ಜೋಷುವಾ ಟ್ರೀ ಎಂಬ ರಾಷ್ಟ್ರೀಯ ಉದ್ಯಾನವಿದೆ. ಸುಮಾರು 3,200 ಚದರ ಕಿಲೋಮೀಟರ್ ವಿಸ್ತಾರದ ಈ ಮರುಭೂಮಿಯೊಳಗೆ ‘ಜಿಯಾಲಜಿ ಟೂರ್ ರೋಡ್’ ಎಂಬ ಮಣ್ಣುರಸ್ತೆಯೊಂದು ಸಾಗುತ್ತದೆ. ಹೋಗಿಬರಲು 18 ಮೈಲಿ. ಬಂಡೆಗಳ ಹುಟ್ಟನ್ನೂ ಕಣಿವೆಯ ಚರಿತ್ರೆಯನ್ನೂ ತಿಳಿಸುವ 16 ತಂಗುದಾಣಗಳು. ಮೊದಲರ್ಧದಲ್ಲಿ ಸಾಮಾನ್ಯ ಕಾರೂ ಸಾಗೀತು. ಒಂಬತ್ತನೆಯ ತಂಗುದಾಣ ದಾಟಿದ ಮೇಲೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹರಿಯುವ ಫೋರ್‌ವೀಲ್ ಡ್ರೈವ್ ವಾಹನ ಬೇಕೆಂಬುದು ಉದ್ಯಾನದವರ ಸಲಹೆ. ಒರಟು ಹಾದಿಯಲ್ಲಿ ವಾಹನ ನಡೆಸುವುದನ್ನು ಹೊಸದಾಗಿ ಕಲಿಯುವವರಿಗೆ ಇಂಥ ರಸ್ತೆಗಳೇ ಬಾಲಪಾಠ. ಉದ್ಯೋಗ ಅರಸಿ ಕ್ಯಾಲಿಫೋರ್ನಿಯ ಸೇರಿದ ಕನ್ನಡದ ಯುವಜನರಲ್ಲೂ ಬಾಡಿಗೆ ಜೀಪು ಹಿಡಿದು ವಾರಾಂತ್ಯಕ್ಕೆ ಅತ್ತ ಹೊರಡುವವರಿದ್ದಾರೆ. ಅವರ ತವರಾದ ಮಲೆನಾಡಿನ ಗುಡ್ಡಗಳಲ್ಲಿಯೂ ಅದೇ ಹವ್ಯಾಸ ಬೇರುಬಿಟ್ಟಿದೆ. ಆದುದರಿಂದ ಈ ದೂರದ ಮರುಭೂಮಿಯ ವಿಚಾರ ಇಲ್ಲಿನ ಓದುಗರಿಗೆ ತೀರ ಪರಕೀಯವಲ್ಲ.

‘ಆಫ್ ರೋಡ್’ ಎಂಬ ಇಂಗ್ಲಿಷ್ ಪದವೇ ಹೊಸಬರ ದಾರಿ ತಪ್ಪಿಸುತ್ತದೆ. ರಸ್ತೆಯನ್ನು ಬಿಟ್ಟು ಓಡಿಸುವುದೆಂದು ಅದರ ಶಬ್ದಾರ್ಥ. ಆದರೆ ಈ ಮರುಭೂಮಿ ಉದ್ಯಾನಗಳ ನಿಯಮದಲ್ಲಿ ಅರ್ಥ ತಿರುಗುಮುರುಗಾಗಿದೆ: ಗುರುತಿಸಿದ ಮಣ್ಣುರಸ್ತೆಯಿಂದ ಗಾಲಿ ಆಚೆ ಸರಿದರೆ ಅದು ಅಪರಾಧ. ವಾಹನಕ್ಕೆ ನಾಲ್ಕು ಗಾಲಿಯ ಬಲವಿರುವುದು ಕೆಟ್ಟ ರಸ್ತೆಯನ್ನು ದಾಟುವುದಕ್ಕೇ ಹೊರತು ಹೊಸ ರಸ್ತೆಯನ್ನು ಸೃಷ್ಟಿಸುವುದಕ್ಕಲ್ಲ. ಜಾಹೀರಾತುಗಳು ತೋರಿಸುವುದು ಮಾತ್ರ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನು. ಧೂಳೆಬ್ಬಿಸುತ್ತ ಬಯಲಿನಲ್ಲಿ ಮನಬಂದತ್ತ ಓಡುವ ಜೀಪಿಲ್ಲದೆ ಜೀಪಿನ ಜಾಹೀರಾತೇ ಇಲ್ಲವೇನೋ.

ಈ ನಿಯಮದ ಹಿಂದೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಗೆ ಬೇಡವಾದ ಜೀಪುಗಳು ಜನಸಾಮಾನ್ಯರ ಕೈಸೇರಿದವು. 1950ರ ದಶಕದಲ್ಲಿ ಯುರೇನಿಯಂ ಅದಿರನ್ನು ಹುಡುಕಿ ಹೊರಟವರು ಯೂಟಾ ರಾಜ್ಯದ ಕಣಿವೆಗಳಲ್ಲಿ ಹಾದಿ ಕೊರೆದರು. ಇಂದು ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಸಾಹಸಪ್ರಿಯರನ್ನು ಸೆಳೆಯುವ 100 ಮೈಲಿಯ ವೈಟ್ ರಿಮ್ ರಸ್ತೆಯ ಹುಟ್ಟು ಹಾಗೆ. 1960ರ ದಶಕದ ಕೊನೆಗೆ ಮೋಟಾರು ಸೈಕಲ್ಲುಗಳೂ ಸೇರಿ ಮರುಭೂಮಿಯ ಮೇಲಿನ ಒತ್ತಡ ಮಿತಿಮೀರಿತು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆಜ್ಞೆ ಹೊರಡಿಸಿ, ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳು ಎಲ್ಲಿ ಓಡಬಹುದು, ಎಲ್ಲಿ ಕೂಡದು ಎಂಬುದನ್ನು ಗುರುತಿಸುವಂತೆ ಇಲಾಖೆಗಳಿಗೆ ವಿಧಿಸಿದರು. ಹಾನಿ ಕಂಡಲ್ಲಿ ಕೂಡಲೇ ದಾರಿ ಮುಚ್ಚಬೇಕೆಂಬ ಮಾತನ್ನು 1977ರಲ್ಲಿ ಅಧ್ಯಕ್ಷ ಕಾರ್ಟರ್ ಸೇರಿಸಿದರು. ಮನಬಂದಂತೆ ಓಡಿಸಬಯಸುವವರಿಗೆ ಕ್ಯಾಲಿಫೋರ್ನಿಯದ ಜಾನ್ಸನ್ ವ್ಯಾಲಿಯಂಥ ಪ್ರತ್ಯೇಕ ಬಯಲುಗಳಿವೆ. ಉದ್ಯಾನದ ಹಾದಿ ಅದಕ್ಕಲ್ಲ.

ಬರಡು ಮರಳಿನ ಮೇಲೆ ಎರಡು ಗಾಲಿ ಹೆಚ್ಚು ಹೊರಳಿದರೆ ಕಳೆದುಹೋಗುವುದೇನು ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಮಣ್ಣಿನಲ್ಲಿದೆ. ಕಲ್ಲು ಮರಳಿನ ನಡುವೆ ಅಲ್ಲಲ್ಲಿ ನೆಲ ಕಪ್ಪಾಗಿ, ಸುಟ್ಟ ರೊಟ್ಟಿಯ ಮೇಲ್ಮೈಯಂತೆ ಉಬ್ಬುತಗ್ಗಾಗಿ ಕಾಣುತ್ತದೆ. ಅದು ಮಣ್ಣಿನ ಜೈವಿಕ ಹೊರಪೊರೆ. ಸಯನೋಬ್ಯಾಕ್ಟೀರಿಯ, ಕಲ್ಲುಹೂವು, ಹಾವಸೆ, ಶಿಲೀಂಧ್ರಗಳು ಒಟ್ಟಾಗಿ ಕಟ್ಟಿಕೊಂಡ ಸಂಸಾರ. ಇದರಲ್ಲಿ ಮೈಕ್ರೋಕೋಲಿಯಸ್ ಎಂಬ ಎಳೆಯಾಕಾರದ ಸೂಕ್ಷ್ಮಜೀವಿಯ ಪಾತ್ರ ದೊಡ್ಡದು. ಮಳೆ ಬಿದ್ದು ನೆಲ ನೆನೆದಾಗ ಅದು ಮರಳಿನ ಕಣಗಳ ನಡುವೆ ಸರಿದಾಡುತ್ತದೆ. ಹಾದುಹೋದಲ್ಲೆಲ್ಲ ಅಂಟಾದ ಕವಚವನ್ನು ಬಿಟ್ಟುಹೋಗುತ್ತದೆ. ಒಣಗಿದ ಮೇಲೆ ಆ ಕವಚಗಳೇ ನೂಲಿನಂತೆ ಕಣಕಣವನ್ನೂ ಹೆಣೆದು ಹಿಡಿಯುತ್ತವೆ. ಗಾಳಿ ಬೀಸಿದರೂ ಹಾರದ, ನೀರು ಹರಿದರೂ ಸುಲಭಕ್ಕೆ ಕೊಚ್ಚದ ನೆಲ ಹೀಗೆ ಸಿದ್ಧವಾಗುತ್ತದೆ.

ಮಲೆನಾಡಿನ ಕೃಷಿಕರಿಗೆ ಈ ಜೀವಿಗಳ ಬಳಗ ಅಪರಿಚಿತವಲ್ಲ. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ಇದೇ ವರ್ಗಕ್ಕೆ ಸೇರಿದ್ದು. ಗದ್ದೆಗೆ ಸಾರಜನಕ ಒದಗಿಸುವುದರಲ್ಲಿ ಆ ಪಾಚಿಯ ಪಾಲನ್ನು ಭಾರತೀಯ ವಿಜ್ಞಾನಿ ಪಿ. ಕೆ. ಡೇ 1939ರಲ್ಲಿಯೇ ತೋರಿಸಿಕೊಟ್ಟಿದ್ದರು. ಗದ್ದೆಯಲ್ಲಿ ಸಿಗುವ ನಾಸ್ಟಾಕ್ ಮರುಭೂಮಿಯ ಹೊರಪೊರೆಯಲ್ಲಿಯೂ ಇದೆ. ಅಲ್ಲಿಯೂ ಗಾಳಿಯ ಸಾರಜನಕವನ್ನು ಗಿಡಗಳಿಗೆ ದಕ್ಕುವ ರೂಪಕ್ಕೆ ತರುತ್ತದೆ. ಸಗಣಿಗೊಬ್ಬರವಿಲ್ಲದ, ಸೊಪ್ಪಿನ ಹೊದಿಕೆಯಿಲ್ಲದ ಆ ನೆಲಕ್ಕೆ ಗೊಬ್ಬರ ಬರುವ ಬಾಗಿಲುಗಳಲ್ಲಿ ಇದು ಮುಖ್ಯವಾದುದು. ಯೂಟಾದ ಮೋಆಬ್ ಊರಿನಲ್ಲಿ ನೆಲೆಸಿ ದಶಕಗಳ ಕಾಲ ಈ ಪೊರೆಯನ್ನು ಅಧ್ಯಯನ ಮಾಡಿದ ಜೇನ್ ಬೆಲ್ನಾಪ್ ಅವರಂಥ ವಿಜ್ಞಾನಿಗಳಿಂದ ಜಗತ್ತಿಗೆ ಇದರ ಬೆಲೆ ತಿಳಿಯಿತು. ಒಣಗಿದಾಗ ಹಪ್ಪಳದಂತೆ ಪುಡಿಯಾಗುವ ಈ ಪೊರೆ ಒಂದು ಗಾಲಿಯ ಒಂದೇ ಉರುಳಿಗೆ ಒಡೆಯುತ್ತದೆ. ತೆಳುವಾದ ಮೊದಲ ಪದರ ಕೆಲವು ವರ್ಷಗಳಲ್ಲಿ ಮರಳಬಹುದು. ಕಲ್ಲುಹೂವು, ಹಾವಸೆಗಳಿಂದ ಕೂಡಿದ ಪಕ್ವವಾದ ಪೊರೆ ಮರಳಲು ದಶಕಗಳು ಬೇಕು. ತೀರ ಒಣನೆಲದಲ್ಲಿ ಶತಮಾನವೂ ಸಾಲದು.

ಮರುಭೂಮಿಗೆ ಮರೆವಿಲ್ಲವೆಂಬುದಕ್ಕೆ ಸಾಕ್ಷಿ ಹೇರಳ. 1942ರಿಂದ 1944ರವರೆಗೆ ಜನರಲ್ ಪ್ಯಾಟನ್ ಸ್ಥಾಪಿಸಿದ ಸೇನಾ ತರಬೇತಿ ಕೇಂದ್ರದ ಟ್ಯಾಂಕುಗಳು ಮೊಹಾವೆ ಮರುಭೂಮಿಯಲ್ಲಿ ಓಡಾಡಿದವು. ಎಂಬತ್ತು ವರ್ಷ ಕಳೆದರೂ ಆ ಜಾಡುಗಳು ಕೆಲವೆಡೆ ಬರಿಗಣ್ಣಿಗೆ ಕಾಣುತ್ತವೆ. ಡೆತ್ ವ್ಯಾಲಿ ಉದ್ಯಾನದ ‘ರೇಸ್‌ಟ್ರ್ಯಾಕ್’ ಎಂಬ ಒಣಕೆರೆಯ ಕಥೆ ಇನ್ನೂ ವಿಚಿತ್ರ. ಅಲ್ಲಿ ಬಂಡೆಗಳು ತಾವೇ ಸರಿದು, ಹಿಂದೆ ಗೆರೆ ಎಳೆದುಕೊಂಡು ಹೋದಂತೆ ಕಾಣುತ್ತಿದ್ದವು. ಚಳಿಗಾಲದ ತೆಳ್ಳನೆಯ ನೀರಿನ ಮೇಲೆ ಕಟ್ಟಿದ ಮಂಜುಗಡ್ಡೆಯ ಹಾಳೆಗಳು ಮೆಲುಗಾಳಿಗೆ ಸರಿಯುವಾಗ ಬಂಡೆಗಳನ್ನು ತಳ್ಳುತ್ತವೆಂಬ ರಹಸ್ಯ 2014ರಲ್ಲಿ ಪ್ರಕಟವಾಯಿತು. ಅದಾದ ಎರಡೇ ವರ್ಷಕ್ಕೆ, 2016ರಲ್ಲಿ, ಯಾರೋ ಆ ಕೆರೆಯಂಗಳದ ಮೇಲೆ ಸುಮಾರು ಹತ್ತು ಮೈಲಿಯಷ್ಟು ವಾಹನ ಸುತ್ತಿಸಿ ಟೈರಿನ ಗೀರು ಎಳೆದರು. ನಿಸರ್ಗ ಬರೆದ ಗೆರೆಗಳ ಪಕ್ಕದಲ್ಲೇ ಮನುಷ್ಯನದೂ ಒಂದು ಸಹಿ.

ಹಾನಿ ಆ ಬಯಲಿಗೇ ಸೀಮಿತವೂ ಅಲ್ಲ. ಪೊರೆ ಕಳಚಿದ ನೆಲದ ಧೂಳು ವಸಂತಕಾಲದ ಗಾಳಿಗೆ ಎದ್ದು ನೂರಾರು ಮೈಲಿ ದೂರದ ಕೊಲರಾಡೋ ಪರ್ವತಗಳ ಹಿಮದ ಮೇಲೆ ಕೂರುತ್ತದೆ. ಬಿಳಿಯ ಹಿಮ ಕಂದಾದರೆ ಬಿಸಿಲನ್ನು ಹೆಚ್ಚು ಹೀರುತ್ತದೆ. ಧೂಳು ಕುಳಿತ ಹಿಮ ಹದಿನೆಂಟರಿಂದ ಮೂವತ್ತೈದು ದಿನ ಮುಂಚೆಯೇ ಕರಗುತ್ತದೆಂದು 2007ರಲ್ಲಿ ಅಧ್ಯಯನವೊಂದು ತೋರಿಸಿತು. ಇದರಿಂದ ಕೊಲರಾಡೋ ನದಿಯ ನೀರಿನಲ್ಲಿ ಸುಮಾರು ಶೇಕಡಾ 5 ಕಡಿಮೆಯಾಗುತ್ತಿದೆಯೆಂದು 2010ರ ಇನ್ನೊಂದು ಅಧ್ಯಯನ ಅಂದಾಜಿಸಿತು. ಸುಮಾರು ನಾಲ್ಕು ಕೋಟಿ ಜನರ ನೀರಿನ ಮೂಲವದು. ಈ ಧೂಳೆಲ್ಲ ಜೀಪಿನವರ ಪಾಪವೆನ್ನುವುದು ಅನ್ಯಾಯ. ಹತ್ತೊಂಬತ್ತನೆಯ ಶತಮಾನದಿಂದ ನಡೆದ ಮಿತಿಮೀರಿದ ದನಕುರಿ ಮೇಯಿಸುವಿಕೆಯ ಪಾಲು ದೊಡ್ಡದು. ಉಳುಮೆ, ಗಣಿಗಳದೂ ಇದೆ. ಗಾಲಿಗಳು ಆ ಸಾಲಿಗೆ ತಡವಾಗಿ ಬಂದು ಸೇರಿದವು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಾಡು ಬಿಟ್ಟು ಸರಿಯುವವರೆಲ್ಲ ದುರುಳರಲ್ಲ. ಎಷ್ಟೋ ಹೊಸಬರು ಅಂಜಿ ಸರಿಯುತ್ತಾರೆ. ಮುಂದೆ ಚೂಪು ಕಲ್ಲು ಕಂಡರೆ ಪಕ್ಕಕ್ಕೆ ತಿರುಗಿಸುತ್ತಾರೆ. ಕೆಸರು ಕಂಡರೆ ಅಂಚಿನ ಒಣನೆಲ ಹಿಡಿಯುತ್ತಾರೆ. ಎದುರಿಗೆ ವಾಹನ ಬಂದರೆ ಅಗಲವಾದ ಜಾಗದವರೆಗೆ ಹಿಂದಕ್ಕೆ ಹೋಗಲು ಧೈರ್ಯ ಸಾಲದೆ ಪೊದೆಯ ಮೇಲೆ ಹತ್ತಿಸುತ್ತಾರೆ. ಹಿಂದೆ ಬಂದವರು ಆ ಹೊಸ ಗೆರೆಯನ್ನೇ ರಸ್ತೆಯೆಂದು ಭಾವಿಸುತ್ತಾರೆ. ಎರಡು ವರ್ಷಗಳಲ್ಲಿ ಒಂದು ರಸ್ತೆ ಮೂರಾಗುವುದು ಹೀಗೆ. ಆದುದರಿಂದ ಚಾಲನೆಯ ಕೌಶಲವನ್ನು ಪರಿಸರದವರು ಸಿರಿವಂತರ ಷೋಕಿಯೆಂದು ತಳ್ಳಿಹಾಕುವುದು ತಪ್ಪು. ಕಲಿತ ಕೈ ಜಾಡಿನಲ್ಲೇ ಉಳಿಯಬಲ್ಲದು.

ಆ ಕಲಿಕೆ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಕಠಿಣವಾದ ಜಾಗ ಬಂದಾಗ ಮೊದಲು ವಾಹನ ನಿಲ್ಲಿಸಿ, ಇಳಿದು, ನಡೆದು ನೋಡಬೇಕು. ಹೊಟ್ಟೆಯಡಿಗೆ ತಾಗುವ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಡಬಾರದು. ಗಾಲಿಯನ್ನೇ ಅದರ ಮೇಲೆ ನಿಧಾನವಾಗಿ ಏರಿಸಿ ಇಳಿಸಬೇಕು. ಫೋರ್‌ವೀಲಿನ ಲೋ ಗೇರನ್ನು ಸಿಕ್ಕಿಬಿದ್ದ ಮೇಲಲ್ಲ, ಸಿಕ್ಕಿಬೀಳುವ ಮೊದಲೇ ಹಾಕಬೇಕು. ಮರಳಿನಲ್ಲಿ ಟೈರಿನ ಗಾಳಿಯನ್ನು 35 ಪೌಂಡಿನಿಂದ 20ರ ಸುಮಾರಿಗೆ ಇಳಿಸಿದರೆ ಟೈರು ಹರಡಿಕೊಂಡು ಭಾರ ಹಂಚಿಹೋಗುತ್ತದೆ. ಗಾಲಿ ಹೂಳುವುದಿಲ್ಲ, ನೆಲವೂ ಅಷ್ಟು ಕೆದರುವುದಿಲ್ಲ. ಮರಳಿ ಗಾಳಿ ತುಂಬಲು ಪುಟ್ಟ ಪಂಪು ಜೊತೆಗಿರಲೇಬೇಕು. ಗಾಲಿ ನಿಂತಲ್ಲೇ ಗಿರಗಿರನೆ ತಿರುಗತೊಡಗಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಇನ್ನೂ ಒತ್ತಿದರೆ ಗುಂಡಿ ಆಳವಾಗುವುದಷ್ಟೇ ಫಲ. ಕೆಸರಿದ್ದರೆ ನಡುವೆಯೇ ಸಾಗಬೇಕು. ಸಾಗಲಾಗದಷ್ಟಿದ್ದರೆ ಹಿಂದಿರುಗಬೇಕು, ಅದರಲ್ಲಿ ನಾಚಿಕೆಯಿಲ್ಲ. ನಿಲ್ಲಿಸಿದ ವಾಹನವನ್ನು ಹೊರಡಿಸುವ ಮುನ್ನ ಅಡಿಯಲ್ಲಿ ಬಗ್ಗಿ ನೋಡಬೇಕೆಂಬ ನಿಯಮವೂ ಉಂಟು. 1990ರಿಂದ ಅಪಾಯದಂಚಿನ ಪಟ್ಟಿಯಲ್ಲಿರುವ ಮರುಭೂಮಿ ಆಮೆ ನೆರಳಿಗಾಗಿ ಟೈರಿನ ಬಳಿಯೇ ಮಲಗಿರಬಹುದು.

ಕೌಶಲವಿಲ್ಲದ ಧೈರ್ಯಕ್ಕೆ ಮರುಭೂಮಿ ಪ್ರಾಣವನ್ನೇ ದಂಡವಾಗಿ ಕೇಳುತ್ತದೆ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಡೆತ್ ವ್ಯಾಲಿಯಲ್ಲಿ, 1996ರ ಜುಲೈ ತಿಂಗಳಿನಲ್ಲಿ ಜರ್ಮನಿಯಿಂದ ಬಂದ ನಾಲ್ವರು ಪ್ರವಾಸಿಗಳು ಸಾಮಾನ್ಯವಾದ ಬಾಡಿಗೆ ವ್ಯಾನಿನಲ್ಲಿ ಒಳದಾರಿ ಹಿಡಿದರು. ವ್ಯಾನು ಅಕ್ಟೋಬರಿನಲ್ಲಿ ಒಂದು ಒಣಹಳ್ಳದಲ್ಲಿ ಸಿಕ್ಕಿತು, ಟೈರುಗಳ ಗಾಳಿ ಹೋಗಿತ್ತು. ಅಸ್ಥಿಗಳು ದೊರೆತದ್ದು 2009ರಲ್ಲಿ. ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದ ನೀರು, ಪೂರ್ಣಗಾತ್ರದ ಹೆಚ್ಚುವರಿ ಟೈರು, ಕಾಗದದ ನಕ್ಷೆ, ಎಲ್ಲಿಗೆ ಹೋಗಿ ಯಾವಾಗ ಮರಳುವುದೆಂದು ಬಲ್ಲ ಒಬ್ಬರು ಊರಿನಲ್ಲಿರುವುದು, ಕೆಟ್ಟು ನಿಂತರೆ ವಾಹನವನ್ನು ಬಿಟ್ಟು ನಡೆಯದಿರುವುದು; ಇವೆಲ್ಲ ಹೇಳಿ ಹಳತಾದ ಮಾತುಗಳೇ. ಮೊಬೈಲಿಗೆ ಸಂಕೇತ ಸಿಗದ ಕಣಿವೆಯಲ್ಲಿ ಅವೇ ಮತ್ತೆ ಹೊಸತಾಗುತ್ತವೆ. ಬಾಡಿಗೆ ವಾಹನಗಳ ಕರಾರಿನಲ್ಲಿ ಮಣ್ಣುರಸ್ತೆಗೆ ಇಳಿಯಬಾರದೆಂಬ ಷರತ್ತು ಸಾಮಾನ್ಯವೆಂಬುದನ್ನು ಕ್ಯಾಲಿಫೋರ್ನಿಯದ ಕನ್ನಡಿಗರು ಸಹಿಗೆ ಮೊದಲು ಓದಿಕೊಳ್ಳುವುದು ಲೇಸು.

ನಿಯಮ, ಕೌಶಲ ಎರಡೂ ಇದ್ದರೂ ಕಾವಲಿಲ್ಲದೆ ನಡೆಯದೆಂಬುದನ್ನು 2018ರ ಡಿಸೆಂಬರಿನಿಂದ 2019ರ ಜನವರಿಯವರೆಗಿನ ಪ್ರಸಂಗ ತೋರಿಸಿತು. ಅಮೆರಿಕದ ಸರ್ಕಾರಿ ಬೊಕ್ಕಸದ ತಿಕ್ಕಾಟದಿಂದ ಕಚೇರಿಗಳು 35 ದಿನ ಭಾಗಶಃ ಮುಚ್ಚಿದವು. ಜೋಷುವಾ ಟ್ರೀ ಉದ್ಯಾನದ ಬಾಗಿಲು ತೆರೆದೇ ಇತ್ತು, ಕಾಯುವವರು ಬೆರಳೆಣಿಕೆಯಷ್ಟು. ಆ ಅವಧಿಯಲ್ಲಿ ವಾಹನಗಳು ಹೊಸ ದಾರಿ ಕೊರೆದವು. ಉದ್ಯಾನಕ್ಕೆ ಹೆಸರು ಕೊಟ್ಟ ಮರಗಳಿಗೂ ಪೆಟ್ಟು ಬಿದ್ದಿತು.

ಮಲೆನಾಡಿನಲ್ಲಿ ಕಾವಲಿನ ಕೊರತೆ ವರ್ಷವಿಡೀ ಇದೆ. ಮರುಭೂಮಿಯಲ್ಲಿ ಗಾಲಿಯ ಗೀರು ಹಾಗೆಯೇ ಉಳಿಯುತ್ತದೆ. ಇಲ್ಲಿ ಅದು ಬೆಳೆಯುತ್ತದೆ. ಗುಡ್ಡದ ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಬಿದ್ದ ಎರಡು ಗೆರೆ ಆಷಾಢದ ಮಳೆಗೆ ಕಾಲುವೆಯಾಗಿ, ಮೂರನೆಯ ಮಳೆಗಾಲಕ್ಕೆ ಕೊರಕಲಾಗಿ, ಮೇಲ್ಮಣ್ಣನ್ನು ಕೆಳಗಿನ ಗದ್ದೆಗೂ ಕೆರೆಗೂ ತುಂಬುತ್ತದೆ. ರಾಷ್ಟ್ರೀಯ ಉದ್ಯಾನಗಳೊಳಗೆ 1972ರ ವನ್ಯಜೀವಿ ಕಾಯ್ದೆಯ ಅಂಕುಶವಿದೆ. ಗೋಮಾಳ, ಸೊಪ್ಪಿನಬೆಟ್ಟ, ಕಂದಾಯ ಇಲಾಖೆಯ ಬೋಳುಗುಡ್ಡಗಳಿಗೆ ಅಂಥದಿಲ್ಲ. ಮಳೆಗಾಲದಲ್ಲಿ ಟೈರಿಗೆ ಸರಪಳಿ ಬಿಗಿದು ರೋಗಿಯನ್ನೂ ಅಡಿಕೆ ಮೂಟೆಯನ್ನೂ ಸಾಗಿಸುವ ಹಳ್ಳಿಯ ಜೀಪು ಚಾಲಕರು ಜಾಡು ಬಿಡುವವರಲ್ಲ. ಬಿಟ್ಟರೆ ಮನೆ ತಲಪುವುದಿಲ್ಲವೆಂದು ಬಲ್ಲರು. ವಾರಾಂತ್ಯದ ಜೀಪುಗಳಿಗೆ ಗುರುಗಳಾಗಲು ಅವರಿಗಿಂತ ಅರ್ಹರಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ಊರ ಗುಡ್ಡದ ಮೇಲೆ ಈಗಾಗಲೇ ಇರುವ ಬಂಡಿಜಾಡು ಯಾವುದು, ಹೊಸದಾಗಿ ಬಿದ್ದ ಗೀರು ಯಾವುದು ಎಂಬುದನ್ನು ಈ ಬೇಸಿಗೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಿರಿಯ ಚಾಲಕರ ಜೊತೆ ನಡೆದು ಗುರುತಿಸಿ ಆ ದಾಖಲಾತಿಗೆ ಸೇರಿಸಬಹುದು. ಹಳೆಯ ಜಾಡಿನಲ್ಲಿ ಒಂದನ್ನು ಮಾತ್ರ ವಾಹನಕ್ಕೆ ಬಿಟ್ಟು, ಉಳಿದವಕ್ಕೆ ಅಡ್ಡಲಾಗಿ ಕಲ್ಲುಕಟ್ಟೆ ಹಾಕಿ, ಜೂನ್‌ನಿಂದ ಅಕ್ಟೋಬರಿನವರೆಗೆ ಆ ಒಂದನ್ನೂ ಮುಚ್ಚುವ ನಿರ್ಣಯವನ್ನು ಗ್ರಾಮಸಭೆ ಮಳೆ ಹಿಡಿಯುವ ಮೊದಲೇ ಕೈಗೊಳ್ಳಬೇಕು.