ದಸರಾ ರಜೆಗೆ ಊಟಿ ಬೇಡ, ಸುಲ್ತಾನ್ ಬತ್ತೇರಿ ಸಾಕು

ಕಳೆದ ವರ್ಷ ದಸರಾ ರಜೆ ಮುಗಿದು ಕಾಲೇಜು ಶುರುವಾದ ದಿನ ಕನ್ನಡ ತರಗತಿಯಲ್ಲಿ ಮೇಡಂ, "ರಜೆಯಲ್ಲಿ ಎಲ್ಲೆಲ್ಲಿ ಹೋಗಿದ್ದಿರಿ?" ಎಂದು ಕೇಳಿದರು. ಹುಡುಗರ ಕಡೆಯಿಂದ ಉತ್ತರಗಳು ಒಂದರ ಮೇಲೊಂದು ಬಂದವು. ಪಣಂಬೂರು ಬೀಚ್, ಪಿಲಿಕುಳ, ಕುದ್ರೋಳಿಯ ದೀಪಾಲಂಕಾರ, ತಾಸೆಯ ಪೆಟ್ಟಿಗೆ ಹುಲಿವೇಷದ ಹಿಂದೆ ಊರೆಲ್ಲ ನಡೆದದ್ದು, ರಾತ್ರಿ ಗಡ್‌ಬಡ್ ಐಸ್‌ಕ್ರೀಂ ತಿಂದದ್ದು. ನಮ್ಮ ಕಡೆಗೆ ಪ್ರಶ್ನೆ ಬಂದಾಗ ಒಬ್ಬಳು ಅಜ್ಜಿ ಮನೆ ಅಂದಳು, ಇಬ್ಬರು ಮದುವೆ ಅಂದರು. ನನ್ನ ಪಕ್ಕದವಳು "ಎಲ್ಲಿಗೂ ಇಲ್ಲ ಮೇಡಂ" ಎಂದು ಕೂತುಬಿಟ್ಟಳು. ರಜೆಯಷ್ಟೂ ದಿನ ಅವಳು ತಾಯಿಯ ಜೊತೆ ಬೀಡಿ ಕಟ್ಟಿದ್ದಳೆಂದು ನನಗೆ ಗೊತ್ತಿತ್ತು. ನಾನೂ ಎಲ್ಲಿಗೂ ಹೋಗಿರಲಿಲ್ಲ, ಆದರೆ "ಅಜ್ಜಿ ಮನೆ" ಎಂದು ಸುಳ್ಳು ಹೇಳಿದೆ.

ಈಗ ಮತ್ತೆ ದಸರಾ ರಜೆ ಹತ್ತಿರ ಬಂದಿದೆ. ನನ್ನ ಅಣ್ಣ ಬೈಕಿನ ಕೀ ತೆಗೆದುಕೊಂಡು "ಬರ್ತೇನೆ" ಅಂದರೆ ಸಾಕು, ಯಾರೂ ತಡೆಯುವುದಿಲ್ಲ. ನಾನು ಪಿಲಿಕುಳ ಎಂದು ಬಾಯಿ ತೆರೆದರೆ ಉಮ್ಮನದು ಒಂದೇ ಪ್ರಶ್ನೆ: "ಯಾರೊಟ್ಟಿಗೆ?" ಗೆಳತಿಯರ ಜೊತೆ ಎಂದರೆ ಅದು ಉತ್ತರವಲ್ಲ. ಅಣ್ಣನ ಜೊತೆ ಎಂದರೆ ಅಣ್ಣನಿಗೆ ಪುರುಸೊತ್ತಿಲ್ಲ. ಉಪ್ಪ ಗಲ್ಫಿನಲ್ಲಿದ್ದಾರೆ.

ಉಮ್ಮನನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರ ಹೆದರಿಕೆಗೆ ಕಾರಣ ಉಂಟು. ಬೀಚಿನಲ್ಲಿ ಕುಳಿತ ಹುಡುಗ ಹುಡುಗಿಯರನ್ನು ಅಡ್ಡಗಟ್ಟಿ "ನಿಮ್ಮ ಹೆಸರೇನು, ಯಾವ ಧರ್ಮ" ಎಂದು ಪ್ರಶ್ನಿಸಿದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ! ಅದನ್ನು ಓದಿದ ಯಾವ ತಾಯಿ ಮಗಳನ್ನು ನಿಶ್ಚಿಂತೆಯಿಂದ ಕಳಿಸಿಯಾಳು? ಆದರೆ ಆ ಹೆದರಿಕೆಗೆ ಬೆಲೆ ಕೊಡುವವರು ಯಾವಾಗಲೂ ನಾವೇ ಆಗಬೇಕೇ? ನನ್ನ ಪ್ರಶ್ನೆ ಇಷ್ಟೇ.

14ನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ನಮ್ಮ ಊರಿಗೆ ಬಂದಿದ್ದ. 'ಮಂಜರೂರು' ಎಂದು ಕರೆದು, ಇಲ್ಲಿಯ ಕರಿಮೆಣಸು, ಶುಂಠಿ, ಯೆಮನ್ ಮತ್ತು ಪರ್ಷಿಯಾದ ವರ್ತಕರು, ಊರ ಪಕ್ಕ ವಾಸವಿದ್ದ ಸುಮಾರು 4,000 ಮುಸ್ಲಿಮರು, ಎಲ್ಲವನ್ನೂ ದಾಖಲಿಸಿಟ್ಟ. ಅಷ್ಟು ದೂರದಿಂದ ಬಂದವನು ನೋಡಿ ಹೋದ ಊರನ್ನು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿರುವ ನಾನು ಹದಿನೇಳು ವರ್ಷವಾದರೂ ನೋಡಿರಲಿಲ್ಲ. ನನಗೆ ಗೊತ್ತಿದ್ದ ಮಂಗಳೂರು ಎಂದರೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಒಂದು ಬಟ್ಟೆ ಅಂಗಡಿ, ಒಂದು ಆಸ್ಪತ್ರೆ. ಮತ್ತೆ ಮಾಲ್. ಮಾಲ್‌ಗೆ ಮಾತ್ರ ನಮ್ಮನ್ನು ಬಿಡುತ್ತಾರೆ, ಯಾಕೆಂದರೆ ಅಲ್ಲಿ ಸಿಸಿಟಿವಿ ಉಂಟು, ಎ.ಸಿ. ಉಂಟು. ನೋಡಲಿಕ್ಕೆ ಎಂತ ಉಂಟು ಎಂದು ಮಾತ್ರ ಕೇಳಬೇಡಿ.

ಇದು ಬದಲಾದದ್ದು ನಮ್ಮ ಪಕ್ಕದ ಮನೆಯ ಬಾಯಮ್ಮನಿಂದ. ಕಳೆದ ಡಿಸೆಂಬರಿನಲ್ಲಿ ಅವರ ಮನೆಯ ಎದುರು ನಕ್ಷತ್ರ ತೂಗುಹಾಕಿ ಆಗಿತ್ತು, ಅಂಗಳದ ಮೂಲೆಯಲ್ಲಿ ಗೋದಲಿ ತಯಾರಾಗುತ್ತಿತ್ತು. ಕುಸ್ವಾರ್ ತಟ್ಟೆ ಹಿಡಿದು ಬಂದವರು ಮಾತಿಗೆ ಮಾತು ಬಂದು, "ನೀವು ಅಲೋಶಿಯಸ್ ಚಾಪೆಲ್ ನೋಡಿಲ್ವಾ? ರಜೆ ಸಿಕ್ಕಿದ ದಿನ ನಾನೇ ಕರ್ಕೊಂಡು ಹೋಗ್ತೇನೆ" ಅಂದರು. "ಯಾರೊಟ್ಟಿಗೆ" ಎಂಬ ಪ್ರಶ್ನೆಗೆ ಉಮ್ಮನ ಎದುರೇ ಉತ್ತರ ನಿಂತಿತ್ತು. ಒಂದು ರಜೆಯ ದಿನ ನಾನು, ಉಮ್ಮ, ಬಾಯಮ್ಮ, ನನ್ನ ತಂಗಿ ನಾಲ್ಕು ಜನ ಹೊರಟೆವು.

ಲೈಟ್ ಹೌಸ್ ಹಿಲ್ ಹತ್ತಿರದ ಆ ಚಾಪೆಲಿನ ಬಾಗಿಲಲ್ಲಿ ಉಮ್ಮ ಸ್ವಲ್ಪ ಹಿಂಜರಿದರು. "ನೋಡ್ಲಿಕ್ಕೆ ಬಂದದ್ದಲ್ವಾ, ಬನ್ನಿ" ಎಂದು ಬಾಯಮ್ಮ ಕೈ ಹಿಡಿದರು. ಒಳಗೆ ಗೋಡೆ, ಕಮಾನು, ಮಾಡು ಎಲ್ಲೂ ಒಂದು ಗೇಣು ಖಾಲಿ ಜಾಗ ಇಲ್ಲ. ಇಟಲಿಯಿಂದ ಬಂದ ಆಂಟೊನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಬಿಡಿಸಿದ ಚಿತ್ರಗಳವು. ಗೋಡೆಯ ಮೇಲಿನವು ಹಸಿ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕಾದ ಫ್ರೆಸ್ಕೊಗಳು, ಮಾಡಿನವು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರಗಳು. ಉಮ್ಮ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು. ಹೊರಗೆ ಬಂದು ಕೇಳಿದ್ದು ಒಂದೇ: "ಇದನ್ನು ಮಾಡುವಾಗ ಅವನು ಅಷ್ಟು ಮೇಲೆ ಹೇಗೆ ನಿಂತ?"

ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಯುದ್ಧದ ಹಡಗುಗಳು ನುಗ್ಗದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ. ಹೆಸರು ದೊಡ್ಡದು, ಕಟ್ಟಡ ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ನಿಜವಾದ ಖುಷಿ ಅದರ ಪಕ್ಕದಿಂದ ತಣ್ಣೀರುಬಾವಿಗೆ ಹೋಗುವ ದೋಣಿಯಲ್ಲಿದೆ. ಕೆಲವೇ ನಿಮಿಷದ ದಾರಿ. ಉಮ್ಮ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದು ಏನೋ ಓದಿಕೊಳ್ಳುತ್ತಿದ್ದರು. ಅರ್ಧ ದಾರಿಗೆ ಬಂದಾಗ ನಗಲಿಕ್ಕೆ ಶುರು ಮಾಡಿದರು.

ತಣ್ಣೀರುಬಾವಿಯಲ್ಲಿ ಒಂದು ಕಡೆ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಮರಳು, ಗಾಳಿ ಮರಗಳ ನೆರಳು. ಡಿಸೆಂಬರ್ ಎಂದರೂ ನಮ್ಮಲ್ಲಿ ಮಧ್ಯಾಹ್ನದ ಸೆಕೆ ಕಡಿಮೆ ಏನಲ್ಲ. ಬುರ್ಖಾದ ಅಂಚು ಒದ್ದೆಯಾದರೂ ಉಮ್ಮ ಮೊಣಕಾಲಿಗಿಂತ ಕೆಳಗಿನ ನೀರಿನಲ್ಲಿ ಸುಮ್ಮನೆ ನಿಂತಿದ್ದರು. ಮದುವೆಯಾಗಿ ಈ ಜಿಲ್ಲೆಗೆ ಬಂದು ಇಪ್ಪತ್ತು ವರ್ಷ. ಸಮುದ್ರವನ್ನು ಉಳ್ಳಾಲ ದರ್ಗಾಕ್ಕೆ ಹೋದಾಗ ದೂರದಿಂದ ಕಂಡದ್ದು ಬಿಟ್ಟರೆ ಅದನ್ನು ಮುಟ್ಟಿದ್ದು ಅಂದೇ ಮೊದಲಂತೆ. ಅಲ್ಲಿಯವರೆಗೆ ನನಗೆ ಅನ್ಯಾಯವಾಗಿದೆ ಎಂದು ಮಾತ್ರ ಲೆಕ್ಕ ಹಾಕುತ್ತಿದ್ದೆ. "ಯಾರೊಟ್ಟಿಗೆ" ಎಂದು ಕೇಳುತ್ತಿದ್ದವರನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ ಎಂದು ನನಗೆ ಹೊಳೆದಿರಲಿಲ್ಲ.

ಬಸ್ಸು, ದೋಣಿ, ಚರುಮುರಿ, ಐಸ್‌ಕ್ರೀಂ ಎಲ್ಲ ಸೇರಿ ಒಬ್ಬರಿಗೆ ಇನ್ನೂರು ರೂಪಾಯಿ ದಾಟಲಿಲ್ಲ. (ಶಕ್ತಿ ಯೋಜನೆಯಲ್ಲಿ ನಾನು ಮೈಸೂರಿಗೆ ಪುಕ್ಕಟೆ ಹೋಗಬಹುದು, ಆದರೆ ನಮ್ಮ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯಾದ್ದರಿಂದ ಬೋಳೂರಿಗೆ ಟಿಕೆಟ್ ಕೊಳ್ಳಬೇಕು. ಇದು ತಮಾಷೆಯೋ ಅನ್ಯಾಯವೋ ಗೊತ್ತಿಲ್ಲ.) ನಮ್ಮ ಕಾಲೇಜಿನ ಊಟಿ ಪ್ರವಾಸಕ್ಕೆ ಸಾವಿರಾರು ರೂಪಾಯಿ, ಎರಡು ರಾತ್ರಿ. ಕಳೆದ ಸಲ ನಮ್ಮ ತರಗತಿಯಿಂದ ಹೆಸರು ಕೊಟ್ಟ ಹುಡುಗಿಯರು ಒಂಬತ್ತೇ ಜನ. ಉಳಿದವರಿಗೆ ಹಣ ಇರಲಿಲ್ಲ, ಅಥವಾ ರಾತ್ರಿ ಹೊರಗೆ ಉಳಿಯುವ ಅನುಮತಿ ಇರಲಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ, ಅಧ್ಯಾಪಕರಲ್ಲಿ ನನ್ನ ಕೋರಿಕೆ: ಈ ರಜೆಯಲ್ಲಿ ಕಾಲೇಜಿನ ಬಸ್ಸಿನಲ್ಲಿ ಹುಡುಗಿಯರಿಗೂ ಅವರ ತಾಯಂದಿರಿಗೂ ಒಂದು ದಿನದ ಮಂಗಳೂರು ತಿರುಗಾಟ ಇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಪಿಲಿಕುಳದ ಮೃಗಾಲಯ (ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ), ಮಧ್ಯಾಹ್ನದ ಸೆಕೆಯಲ್ಲಿ ಅಲ್ಲಿಯ ವಿಜ್ಞಾನ ಕೇಂದ್ರ ಮತ್ತು ತಾರಾಲಯ, ಲುಹರ್ ನಮಾಝಿಗೆ ಒಂದು ಜಾಗ, ಸಂಜೆ ಸಮುದ್ರ, ಮಗ್ರಿಬ್‌ಗೆ ಮೊದಲು ಮನೆ. ಸೋಮವಾರ ಪಿಲಿಕುಳಕ್ಕೆ ಸಾಮಾನ್ಯವಾಗಿ ರಜೆ, ಮೊದಲೇ ವಿಚಾರಿಸಬೇಕು. ಮಳೆಗಾಲ ಮುಗಿದ ಹೊಸತರಲ್ಲಿ ಸಮುದ್ರವನ್ನು ನಂಬಲಿಕ್ಕಾಗದು, ಜೀವರಕ್ಷಕರು ಇರುವಲ್ಲಿ ಮಾತ್ರ ಇಳಿಯಬೇಕು, ಪಾದ ಒದ್ದೆಯಾದರೆ ಸಾಕು. ಇನ್ನೊಂದು ವಿಷಯ ಬರೆಯಲು ಸಂಕೋಚವಾದರೂ ಬರೆಯುತ್ತೇನೆ, ಹೋಗುವ ಜಾಗದಲ್ಲಿ ಶೌಚಾಲಯ ಹೇಗಿದೆ ಎಂದು ಮೊದಲು ನೋಡಿ ಬನ್ನಿ. ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ತಿರುಗುವುದು ಇದೇ ಕಾರಣಕ್ಕೆ.

ನೀಟ್, ಸಿಇಟಿ ಇರುವಾಗ ತಿರುಗಾಟ ಯಾಕೆ ಎಂದು ಕೆಲವರು ಹೇಳಿಯಾರು. ಹುಡುಗರು ಪಣಂಬೂರಿಗೆ ಹೋಗಿ ಬಂದೂ ಪಾಸಾಗುತ್ತಿದ್ದಾರಲ್ಲ! ಜವಾಬ್ದಾರಿ ಯಾರದು ಎಂದು ಇನ್ನು ಕೆಲವರು ಕೇಳಬಹುದು. ತಾಯಂದಿರನ್ನು ಕರೆಯಿರಿ ಎಂದು ನಾನು ಹೇಳುವುದು ಅದಕ್ಕೂ ಸೇರಿಯೇ.

ಈ ಬರಹ ಕೊಡುವ ಮೊದಲು ನನ್ನ ಪಕ್ಕದವಳ ಹತ್ತಿರ, ಇಂಥದ್ದೊಂದು ಇಟ್ಟರೆ ನಿನ್ನ ಉಮ್ಮ ಬರುತ್ತಾರಾ ಎಂದು ಕೇಳಿದೆ. ಮರುದಿನ ಉತ್ತರ ತಂದಳು: "ಶನಿವಾರ ಬೇಡವಂತೆ ಮಾರಾಯ್ತಿ, ಬೀಡಿ ಕೊಡುವ ದಿನ. ಬೇರೆ ಯಾವ ದಿನವಾದರೂ ಆದೀತಂತೆ."