ಆಪತ್ತಿನಲ್ಲಿ ಮೊದಲ ಕರೆ ಯಾರಿಗೆ?

ಆಪತ್ತು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಆದರೆ ಅದು ಬಂದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಬಹುಮಟ್ಟಿಗೆ ಮೊದಲೇ ನಿಶ್ಚಯವಾಗಿರುತ್ತದೆ. ಮನೆಯ ಹಿರಿಯರೊಬ್ಬರಿಗೆ ನಡುರಾತ್ರಿಯಲ್ಲಿ ಎದೆ ಹಿಸುಕಿದಂತಾಗಿ ಬೆವರು ಸುರಿಯತೊಡಗಿದರೆ, ನಮ್ಮ ಅನೇಕ ಕುಟುಂಬಗಳಲ್ಲಿ ಮೊದಲ ಫೋನ್ ಕರೆ ಹೋಗುವುದು ದುಬೈಯಲ್ಲೋ ಜಿದ್ದಾದಲ್ಲೋ ಇರುವ ಮಗನಿಗೆ. ಅನಂತರ ಪಕ್ಕದ ಊರಿನ ಅಳಿಯನಿಗೆ, ಅವನಿಂದ ಕಾರು ಇರುವ ಇನ್ನೊಬ್ಬ ನೆಂಟರಿಗೆ. ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಯಾರು ಹೋಗಬೇಕು ಎಂಬ ಸಮಾಲೋಚನೆ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಸರಿದಿರುತ್ತದೆ. ಈ ಕರೆಗಳ ಹಿಂದೆ ಇರುವುದು ಪ್ರೀತಿ ಮತ್ತು ಕಾಳಜಿ. ಅದರಲ್ಲಿ ಸಂಶಯವಿಲ್ಲ. ಆದರೆ ರೋಗಿಯ ಪಾಲಿಗೆ ಆ ಅರ್ಧ ಗಂಟೆ ಮತ್ತೆ ಬರುವುದಿಲ್ಲ.

ಆದ್ದರಿಂದ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಆಪತ್ತಿನಲ್ಲಿ ಮೊದಲ ಕರೆ ಹೋಗಬೇಕಾದದ್ದು ನಾವು ಅತಿಯಾಗಿ ಪ್ರೀತಿಸುವವರಿಗಲ್ಲ, ಸಿದ್ಧತೆಯೊಂದಿಗೆ ನಮ್ಮ ಬಳಿಗೆ ಬಂದು ತಲುಪಬಲ್ಲವರಿಗೆ. ದುಬೈಯಲ್ಲಿರುವ ಮಗ ಅಲ್ಲಿಂದ 108 ಅಥವಾ 112 ಒತ್ತಿದರೆ ಆ ಕರೆ ಕರ್ನಾಟಕಕ್ಕೆ ಬರುವುದಿಲ್ಲ. ಅವನು ಮಾಡಬಹುದಾದದ್ದು ಊರಿನಲ್ಲಿರುವ ಮತ್ತೊಬ್ಬರಿಗೆ ಫೋನ್ ಮಾಡಿ ಆತಂಕವನ್ನು ಹಂಚಿಕೊಳ್ಳುವುದಷ್ಟೇ. ರೋಗಿಯ ಪಕ್ಕದಲ್ಲಿ ನಿಂತಿರುವವರು ಮಾತ್ರ ಈ ಕರೆಯನ್ನು ಸರಿಯಾಗಿ ಮಾಡಬಲ್ಲರು. ಅದು ಮನೆಯ ಸೊಸೆಯಾಗಿರಬಹುದು, ಎಂಟನೆಯ ತರಗತಿಯ ಬಾಲಕನಾಗಿರಬಹುದು.

ನಿಮಿಷಗಳಿಗೆ ಇಷ್ಟೊಂದು ಬೆಲೆ ಏಕೆ? ಹೃದಯದ ಬಡಿತ ನಿಂತುಹೋದರೆ ಸುಮಾರು ನಾಲ್ಕು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಉಂಟಾದರೆ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಅದಕ್ಕೂ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು. ಬಾಯಿ ಒಂದು ಬದಿಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ “ಸ್ವಲ್ಪ ಮಲಗಿದರೆ ಸರಿಹೋದೀತು” ಎಂದು ಬೆಳಗಿನವರೆಗೆ ಕಾಯುವುದು ಆ ನಾಲ್ಕೂವರೆ ಗಂಟೆಗಳನ್ನು ಕೈಯಾರೆ ಚೆಲ್ಲಿದಂತೆ.

ಇನ್ನು ಸಂಖ್ಯೆಗಳ ವಿಚಾರ. ಒಂದೇ ಒಂದು ಸಂಖ್ಯೆಯನ್ನು ನೆನಪಿಡಲು ಸಾಧ್ಯವಾದರೆ ಅದು 112 ಆಗಿರಲಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ದೇಶದಾದ್ಯಂತ ಇರುವ ಏಕೈಕ ತುರ್ತು ಸಂಖ್ಯೆ ಇದು. ಫೋನ್ ಲಾಕ್ ಆಗಿದ್ದರೂ ಪರದೆಯ ಮೇಲೆ ಕಾಣುವ ‘ತುರ್ತು ಕರೆ’ ಎಂಬಲ್ಲಿಂದ ಇದನ್ನು ಒತ್ತಬಹುದು. ವೈದ್ಯಕೀಯ ಆಪತ್ತಿಗೆ ನಮ್ಮ ರಾಜ್ಯದಲ್ಲಿ 2008ರಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಆರಂಭವಾದ 108 ಸೇವೆ ಇದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ವಾಹನದಲ್ಲಿ ತರಬೇತಿ ಪಡೆದ ಸಿಬ್ಬಂದಿಯೂ ಆಮ್ಲಜನಕವೂ ಇರುತ್ತವೆ. ಬೆಂಕಿ ಹತ್ತಿದರೆ 101, ಅಡುಗೆ ಅನಿಲ ಸೋರಿದರೆ 1906, ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತವಾದರೆ 1033, ಮಕ್ಕಳ ರಕ್ಷಣೆಗೆ 1098, ಸಂಕಷ್ಟದಲ್ಲಿರುವ ಮಹಿಳೆಯರಿಗೆ 181. ಅನಿಲದ ವಾಸನೆ ಬಂದಾಗ ದೀಪದ ಸ್ವಿಚ್ಚನ್ನು ಮುಟ್ಟದೆ, ಎಲ್ಲರನ್ನೂ ಹೊರಗೆ ಕರೆತಂದು, ಅಂಗಳದಲ್ಲಿ ನಿಂತು ಕರೆ ಮಾಡಬೇಕು ಎಂಬುದನ್ನು ಅಡುಗೆಮನೆಯಲ್ಲಿ ದುಡಿಯುವ ಪ್ರತಿಯೊಬ್ಬರೂ ತಿಳಿದಿರಲಿ.

ಸಂಖ್ಯೆ ಗೊತ್ತಿದ್ದರೆ ಸಾಲದು, ಮಾತನಾಡುವ ಕ್ರಮವೂ ಗೊತ್ತಿರಬೇಕು. ಕರೆ ಸ್ವೀಕರಿಸುವವರು ನಮ್ಮ ಊರಿನವರಲ್ಲ. ಅವರು ಎಲ್ಲೋ ದೂರದ ಕೇಂದ್ರದಲ್ಲಿ ಕುಳಿತು ಇಡೀ ರಾಜ್ಯದ ಕರೆಗಳಿಗೆ ಉತ್ತರಿಸುತ್ತಾರೆ. “ಬೇಗ ಬನ್ನಿ, ಮಸೀದಿಯ ಹತ್ತಿರ” ಎಂದು ಕಿರುಚಿ ಫೋನ್ ಇಟ್ಟರೆ ಅವರಿಗೆ ತಿಳಿಯುವುದೇನು? ಜುಮಾ ಮಸೀದಿ ಇಲ್ಲದ ಪಟ್ಟಣವುಂಟೇ? ಒಂದೇ ತಾಲೂಕಿನಲ್ಲಿ ಅದೇ ಹೆಸರಿನ ಹತ್ತು ಮಸೀದಿಗಳಿರುತ್ತವೆ. ಆದ್ದರಿಂದ ಮೊದಲು ಸ್ಥಳವನ್ನು ಹೇಳಬೇಕು: ಜಿಲ್ಲೆ, ತಾಲೂಕು, ಊರು, ರಸ್ತೆ, ಕೊನೆಗೆ ಗುರುತು. “ದಕ್ಷಿಣ ಕನ್ನಡ ಜಿಲ್ಲೆ, ಬಂಟ್ವಾಳ ತಾಲೂಕು, ಇಂಥ ಗ್ರಾಮ, ಮುಖ್ಯರಸ್ತೆಯಿಂದ ಒಳಗೆ ಒಂದು ಕಿಲೋಮೀಟರ್, ಸರಕಾರಿ ಶಾಲೆಯ ಎದುರಿನ ಹಸಿರು ಗೇಟಿನ ಮನೆ” ಎಂದರೆ ವಾಹನ ಹೊರಡಬಲ್ಲದು. ಸ್ಥಳವನ್ನು ಮೊದಲು ಹೇಳಬೇಕೆನ್ನಲು ಕಾರಣವಿದೆ. ನಡುವೆ ಕರೆ ಕಡಿದುಹೋದರೂ ಎಲ್ಲಿಗೆ ಬರಬೇಕೆಂಬುದು ಅವರಿಗೆ ತಿಳಿದಿರುತ್ತದೆ.

ಅನಂತರ ಫೋನ್ ಸಂಖ್ಯೆ, ಆಮೇಲೆ ಸಂಗತಿ: “ಅರವತ್ತು ವರ್ಷದ ಗಂಡಸು, ಎದೆನೋವು, ಪ್ರಜ್ಞೆ ಇದೆ, ಉಸಿರಾಟ ಕಷ್ಟವಾಗಿದೆ.” ಅಪಘಾತವಾದರೆ ಎಷ್ಟು ಜನರಿಗೆ ಗಾಯವಾಗಿದೆ, ಯಾರಾದರೂ ವಾಹನದೊಳಗೆ ಸಿಕ್ಕಿಕೊಂಡಿದ್ದಾರೆಯೇ ಎಂಬುದನ್ನು ತಿಳಿಸಬೇಕು. ಅವರು ಪ್ರಶ್ನೆ ಕೇಳುತ್ತಿದ್ದಾರೆಂದರೆ ತಡ ಮಾಡುತ್ತಿದ್ದಾರೆಂದು ಭಾವಿಸಿ ಸಿಟ್ಟಾಗಬಾರದು. ಆ ಉತ್ತರಗಳಿಂದಲೇ ಯಾವ ನೆರವನ್ನು ಕಳುಹಿಸಬೇಕೆಂಬುದು ತೀರ್ಮಾನವಾಗುತ್ತದೆ. ಅವರು ಹೇಳುವವರೆಗೆ ಫೋನ್ ಇಡಬಾರದು. ಆ ಬಳಿಕವೂ ಆ ಫೋನಿನಿಂದ ನೆಂಟರಿಗೆ ಕರೆ ಮಾಡುತ್ತಾ ಇದ್ದರೆ, ದಾರಿ ಕೇಳಲು ಯತ್ನಿಸುವ ಆಂಬುಲೆನ್ಸ್ ಚಾಲಕನಿಗೆ ಲೈನ್ ಸಿಗುವುದಿಲ್ಲ. ನೆಂಟರಿಗೆ ತಿಳಿಸಲು ಇನ್ನೊಂದು ಫೋನ್ ಇರಲಿ. ಒಬ್ಬರು ರೋಗಿಯ ಬಳಿ ಇರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಲಿ. ಗೇಟು ತೆರೆದಿರಲಿ, ಅಂಗಳದ ದೀಪ ಉರಿಯುತ್ತಿರಲಿ, ಹಳೆಯ ಚೀಟಿಗಳೂ ಈಗ ಸೇವಿಸುತ್ತಿರುವ ಮಾತ್ರೆಗಳೂ ಒಂದು ಚೀಲದಲ್ಲಿ ಸಿದ್ಧವಾಗಿರಲಿ.

ಇಲ್ಲಿ ನಮ್ಮ ಮನೆಗಳಿಗೇ ಸಂಬಂಧಿಸಿದ ಒಂದು ತೊಡಕಿದೆ. ನಮ್ಮಲ್ಲಿ ಮನೆಮಾತು ಬ್ಯಾರಿ, ನವಾಯಿತಿ, ಉರ್ದು ಹೀಗೆ ಹಲವು. ಗಾಬರಿಯಲ್ಲಿ ಬಾಯಿಗೆ ಬರುವುದು ತಾಯ್ನುಡಿಯೇ. ಅಪರಿಚಿತರೊಂದಿಗೆ ಫೋನಿನಲ್ಲಿ ಮಾತನಾಡಿ ರೂಢಿಯಿಲ್ಲದ ಅಜ್ಜಿಯೂ ಸೊಸೆಯೂ ಹಗಲಿನಲ್ಲಿ ಮನೆಯಲ್ಲಿ ಒಂಟಿಯಾಗಿರುತ್ತಾರೆ. ತಮ್ಮ ಮನೆಯ ವಿಳಾಸವನ್ನು ಪೂರ್ಣವಾಗಿ ಹೇಳಲಾರದ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ, ಏಕೆಂದರೆ ಯಾರೂ ಅವರಿಂದ ಅದನ್ನು ಕೇಳಿಲ್ಲ. ಇದನ್ನು ಕಲಿಸುವ ಹೊಣೆ ಮನೆಯ ಗಂಡಸರದ್ದು. ನಾಲ್ಕು ಸಾಲಿನ ವಿಳಾಸವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಅದನ್ನು ನೋಡಿ ಓದುವುದನ್ನು ಒಮ್ಮೆ ಅಭ್ಯಾಸ ಮಾಡಿಸಲು ಹತ್ತು ನಿಮಿಷ ಸಾಕು. ಅಕ್ಷರ ಬಾರದ ಹಿರಿಯರಿಗೆ ಬಾಯಿಪಾಠ ಮಾಡಿಸಬಹುದು. ಎಷ್ಟೋ ದುಆಗಳನ್ನು ಕಂಠಸ್ಥ ಮಾಡಿಕೊಂಡವರಿಗೆ ಇದು ಕಷ್ಟವಾಗದು.

ಕರೆ ಮಾಡಲು ಅಡ್ಡಿಯಾಗುವ ಭಯಗಳನ್ನೂ ಪರಿಶೀಲಿಸೋಣ. ಮೊದಲನೆಯದು ಪೊಲೀಸ್ ಮತ್ತು ನ್ಯಾಯಾಲಯದ ಭಯ. ರಸ್ತೆಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದವನನ್ನು ಮುಟ್ಟಿದರೆ ನಾವೇ ಸಿಕ್ಕಿಬೀಳುತ್ತೇವೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ನೆರವಾದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಸುಪ್ರೀಮ್ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕದ ಶಾಸನಸಭೆಯು ಇದಕ್ಕೆಂದೇ ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ವಿಧಿಯೂ ಇದನ್ನೇ ಖಚಿತಪಡಿಸುತ್ತದೆ. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳುವಂತೆ ಅವನನ್ನು ಬಲವಂತಪಡಿಸುವಂತಿಲ್ಲ.

ಎರಡನೆಯದು ಹಣದ ಭಯ. ಸರಕಾರಿಯಾಗಲಿ ಖಾಸಗಿಯಾಗಲಿ, ಜೀವಾಪಾಯದಲ್ಲಿರುವವರಿಗೆ ಚಿಕಿತ್ಸೆ ನೀಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದೂ ಪೊಲೀಸ್ ವಿಧಿವಿಧಾನಗಳಿಗಾಗಿ ಅದನ್ನು ತಡೆಯಬಾರದೆಂದೂ ಸುಪ್ರೀಮ್ ಕೋರ್ಟ್ 1989ರಲ್ಲಿಯೇ ತೀರ್ಪಿತ್ತಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ಈ ಹಕ್ಕುಗಳು ತಾವಾಗಿಯೇ ನಡೆದು ಬರಲಾರವು, ಕೇಳುವವರು ಬೇಕು. ಕೇಳಬೇಕಾದರೆ ತಿಳಿದಿರಬೇಕು.

ಮೂರನೆಯದು ಭಯವಲ್ಲ, ಅನುಭವದಿಂದ ಹುಟ್ಟಿದ ಆಕ್ಷೇಪ: “ಆಂಬುಲೆನ್ಸ್ ತಡವಾಗಿ ಬರುತ್ತದೆ, ನಮ್ಮ ಕಾರೇ ಮೇಲು.” ಮಲೆನಾಡಿನ ಒಳಊರುಗಳಲ್ಲಿ, ಮಳೆಗಾಲದ ರಾತ್ರಿಗಳಲ್ಲಿ ಈ ದೂರು ನಿಜವಾಗಿರುವುದುಂಟು. ಆದರೂ ಕರೆ ಮಾಡದಿರಲು ಅದು ಕಾರಣವಾಗಲಾರದು. ಕರೆ ಮಾಡಿ, ಎಷ್ಟು ಹೊತ್ತಾಗುತ್ತದೆಂದು ಕೇಳಿ. ತೀರಾ ತಡವಾಗುವುದಾದರೆ ಸ್ವಂತ ವಾಹನದಲ್ಲಿ ಹೊರಡುತ್ತಿರುವುದನ್ನೂ ಯಾವ ದಾರಿಯಲ್ಲಿ ಹೋಗುತ್ತಿರುವುದನ್ನೂ ತಿಳಿಸಿ. ದಾರಿಯ ನಡುವೆ ಆಂಬುಲೆನ್ಸ್ ಎದುರಾದರೆ ರೋಗಿಯನ್ನು ಅದಕ್ಕೆ ವರ್ಗಾಯಿಸಬಹುದು. ಬೆನ್ನುಮೂಳೆಗೆ ಪೆಟ್ಟಾಗಿರಬಹುದಾದ ಗಾಯಾಳುವನ್ನು ಮಾತ್ರ ರಿಕ್ಷಾದಲ್ಲಿ ಮಡಚಿ ಕೂರಿಸಿ ಸಾಗಿಸುವ ಸಾಹಸ ಬೇಡ. ಅನೇಕ ಊರುಗಳಲ್ಲಿ ಜಮಾಅತ್‌ಗಳೂ ಸಂಘಗಳೂ ಆಂಬುಲೆನ್ಸ್ ಇಟ್ಟುಕೊಂಡಿವೆ. ಅದು ಶ್ಲಾಘನೀಯ ಸೇವೆ. ಅವುಗಳ ಸಂಖ್ಯೆಯೂ ಬಾಗಿಲ ಹಿಂದಿನ ಹಾಳೆಯಲ್ಲಿರಲಿ, 108ರ ಕೆಳಗೆ.

ನಾಲ್ಕನೆಯದು ಸಂಕೋಚ. ಮಹಿಳೆಯೊಬ್ಬರು ಕುಸಿದು ಬಿದ್ದಾಗ ಪರಪುರುಷರು ಮುಟ್ಟಬಹುದೇ, ಆಂಬುಲೆನ್ಸ್‌ನಲ್ಲಿ ಬರುವವನು ಗಂಡಸಾದರೆ ಹೇಗೆ ಎಂದು ಹಿಂಜರಿಯುವ ಮನೆಗಳಿವೆ. ಈ ವಿಷಯದಲ್ಲಿ ಧರ್ಮದ ನಿಲುವು ಗೊಂದಲಮಯವೇನಲ್ಲ. ಜೀವದ ಸಂರಕ್ಷಣೆಯು ಶರೀಅತ್‌ನ ಐದು ಮೂಲ ಉದ್ದೇಶಗಳಲ್ಲೊಂದು. ಅನಿವಾರ್ಯ ಸಂದರ್ಭದಲ್ಲಿ ನಿಷಿದ್ಧವೂ ಅಗತ್ಯವಿರುವಷ್ಟರ ಮಟ್ಟಿಗೆ ಅನುಮತವಾಗುತ್ತದೆ ಎಂಬುದು ಫಿಕ್ಹ್‌ನ ಸುಪ್ರಸಿದ್ಧ ಸೂತ್ರ. ಮುಳುಗುತ್ತಿರುವವನನ್ನು ಉಳಿಸಲು ನಮಾಝನ್ನು ನಡುವೆಯೇ ಬಿಟ್ಟು ಓಡಬೇಕೆಂದು ವಿದ್ವಾಂಸರು ಹೇಳಿರುವಾಗ, ಉಸಿರು ನಿಂತ ಸಹೋದರಿಯ ಎದೆಯನ್ನು ಒತ್ತಿ ಜೀವ ಉಳಿಸುವವನ ಕೈಯನ್ನು ತಡೆಯುವುದು ಧರ್ಮನಿಷ್ಠೆಯಾಗುವುದಾದರೂ ಹೇಗೆ? ಅಲ್ಲಾಹನ ಮೇಲಿನ ಭರವಸೆಯೂ ಕೈಕಟ್ಟಿ ಕೂರುವುದಕ್ಕೆ ಇಟ್ಟ ಹೆಸರಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಿ, ಅನಂತರ ಭರವಸೆಯಿಡುವುದನ್ನು ನಮಗೆ ಕಲಿಸಲಾಗಿದೆ. ದುಆ ಮಾಡುವ ನಾಲಗೆಗೂ 112 ಒತ್ತುವ ಬೆರಳಿಗೂ ಯಾವ ವಿರೋಧವೂ ಇಲ್ಲ.

ಮಹಲ್ಲಿನ ಮಟ್ಟದಲ್ಲಿಯೂ ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕಾಗಿದೆ. ಶುಕ್ರವಾರದ ಮಧ್ಯಾಹ್ನ ಮಸೀದಿಯ ಮುಂದಿನ ಇಕ್ಕಟ್ಟಾದ ರಸ್ತೆಯ ಎರಡೂ ಬದಿಗಳಲ್ಲಿ ನಿಲ್ಲಿಸಿದ ಬೈಕು, ಕಾರುಗಳ ನಡುವೆ ಆಂಬುಲೆನ್ಸ್ ಸಾಗುವುದು ಸಾಧ್ಯವೇ? ಮದುವೆಯ ಮೆರವಣಿಗೆಯ ಹಿಂದೆ ಅದರ ಸೈರನ್ ಕೂಗುತ್ತಿದ್ದರೆ ನಾವು ಎಷ್ಟು ಬೇಗ ಬದಿಗೆ ಸರಿಯುತ್ತೇವೆ? ದಾರಿಯಲ್ಲಿರುವ ಕೇಡನ್ನು ನಿವಾರಿಸುವುದು ವಿಶ್ವಾಸದ ಭಾಗವೆಂದು ನಂಬುವ ಸಮುದಾಯವು ತಾನೇ ದಾರಿಗೆ ಅಡ್ಡವಾಗಬಾರದು. ಮಸೀದಿಯ ಆಡಳಿತ ಸಮಿತಿಯು ಒಂದು ವಾಹನ ಹೋಗುವಷ್ಟು ದಾರಿಯನ್ನು ಸದಾ ತೆರವಾಗಿರಿಸಲು ಇಬ್ಬರು ಸ್ವಯಂಸೇವಕರನ್ನು ನೇಮಿಸಲಿ. ಮಸೀದಿಯ ಫಲಕದಲ್ಲಿ ತುರ್ತು ಸಂಖ್ಯೆಗಳು ಕಾಣಲಿ. ಖತೀಬರು ವರ್ಷಕ್ಕೊಮ್ಮೆಯಾದರೂ ಈ ವಿಷಯವನ್ನು ಪ್ರಸ್ತಾಪಿಸಲಿ. ಮದ್ರಸಾದ ಮಕ್ಕಳಿಗೆ ವಿಳಾಸ ಹೇಳುವುದನ್ನು ಕಲಿಸಿದರೆ ಅವರೇ ಮನೆಗೆ ಹೋಗಿ ದೊಡ್ಡವರಿಗೆ ಕಲಿಸುತ್ತಾರೆ. ಜೊತೆಗೆ, ಆಟಕ್ಕೆಂದು 112 ಒತ್ತಿದರೆ ಬೇರೆಲ್ಲೋ ಒಬ್ಬರ ನಿಜವಾದ ಕರೆ ಕಾಯಬೇಕಾಗುತ್ತದೆ ಎಂಬುದನ್ನೂ ಅವರಿಗೆ ತಿಳಿಹೇಳಬೇಕು.

ವಿದೇಶದಲ್ಲಿರುವ ನಮ್ಮವರೂ ತಾವಿರುವ ನಾಡಿನ ಸಂಖ್ಯೆಗಳನ್ನು ಅರಿತಿರಲಿ. ಆಂಬುಲೆನ್ಸ್‌ಗಾಗಿ ಯುಎಇಯಲ್ಲಿ 998, ಸೌದಿ ಅರೇಬಿಯಾದಲ್ಲಿ 997. ಸೌದಿಯ ಮಕ್ಕಾ, ರಿಯಾದ್ ಮೊದಲಾದ ಪ್ರಾಂತಗಳಲ್ಲಿ ಎಲ್ಲ ತುರ್ತುಗಳಿಗೂ 911 ಇದೆ. ಕತಾರ್ ಮತ್ತು ಬಹರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಉಮ್ರಾ ಯಾತ್ರೆಗೆ ಹೊರಡುವ ಹಿರಿಯರ ಕೊರಳಪಟ್ಟಿಯಲ್ಲಿ ಹೋಟೆಲಿನ ವಿಳಾಸದೊಂದಿಗೆ ಈ ಸಂಖ್ಯೆಯೂ ಇದ್ದರೆ ಒಳ್ಳೆಯದು. ಊರಿನ ಮನೆಯಿಂದ ಆಪತ್ತಿನ ಕರೆ ಬಂದಾಗ ಗಲ್ಫ್‌ನಲ್ಲಿರುವ ಮಗ ಕೇಳಬೇಕಾದ ಮೊದಲ ಪ್ರಶ್ನೆಯೂ ಒಂದೇ: “108ಕ್ಕೆ ಮಾಡಿದಿರಾ, ಉಮ್ಮಾ? ಇಲ್ಲದಿದ್ದರೆ ನನ್ನ ಕರೆ ಕಡಿದು ಮೊದಲು ಅಲ್ಲಿಗೆ ಮಾಡಿ.”

ಒಂದು ಜೀವವನ್ನು ಉಳಿಸುವ ಕಾರ್ಯಕ್ಕೆ ಕುರ್‌ಆನ್ ಎಂತಹ ಸ್ಥಾನ ನೀಡಿದೆಯೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಆ ಸೂಕ್ತವನ್ನು ವೇದಿಕೆಗಳಲ್ಲಿ ಅಭಿಮಾನದಿಂದ ಉದ್ಧರಿಸುತ್ತೇವೆ. ಅದನ್ನು ಮನೆಯೊಳಗೆ ಪಾಲಿಸುವ ಬಗೆಗೆ ದೊಡ್ಡ ಸಂಪತ್ತಾಗಲಿ ವಿದ್ವತ್ತಾಗಲಿ ಬೇಕಾಗಿಲ್ಲ. ಒಂದು ಹಾಳೆ, ನಾಲ್ಕು ಸಾಲಿನ ವಿಳಾಸ, ಮೂರು ಅಂಕಿಗಳ ಸಂಖ್ಯೆ, ಅದನ್ನು ತಡವಿಲ್ಲದೆ ಒತ್ತುವ ಸ್ಥೈರ್ಯ ಇದ್ದರೆ ಸಾಕು. ಇಂದು ರಾತ್ರಿಯ ಊಟದ ಬಳಿಕ ಮನೆಮಂದಿಯೆಲ್ಲ ಕುಳಿತು ಆ ಹಾಳೆಯನ್ನು ಬರೆಯುವುದು ಯಾರಿಗೂ ಭಾರವಾಗದು.